ಸೂರ್ಯನೊಡನೆ ಬೊಕ್‌ಹಿಯ ಕದನವಿರಾಮ

ದೇಗು ನಗರದ ನೆಲದಡಿಯ ಅಂಗಡಿಸಾಲಿನಲ್ಲಿದ್ದ ತಾಕ್ ಬೊಕ್‌ಹಿಗೆ ಲೋಕದಲ್ಲಿ ಒಬ್ಬನೇ ವೈರಿ. ಅವನು ಸೂರ್ಯ. ಅವನ ಮೇಲೆ ಯುದ್ಧಕ್ಕೆ ಬೇಕಾದ ಆಯುಧಗಳನ್ನೆಲ್ಲ ಅವಳೇ ಮಾರುತ್ತಿದ್ದಳು: ಕೊಡೆ, ಮೂಗಿನವರೆಗೆ ಇಳಿಯುವ ಅಂಚಿನ ಟೋಪಿ, ತೋಳುಗವಸು, ಕಣ್ಣಷ್ಟೇ ಬಿಡುವ ಮುಖಗವಸು. ಬೆಳಿಗ್ಗೆ ಮೆಟ್ರೊದಿಂದಿಳಿದು ನೆಲದಡಿಯಲ್ಲೇ ನಡೆದು ಅಂಗಡಿ ತೆರೆಯುತ್ತಿದ್ದಳು. ಮುಚ್ಚುವ ಹೊತ್ತಿಗೆ ಶತ್ರು ಪಲಾಯನ ಮಾಡಿರುತ್ತಿದ್ದ. ಅರವತ್ತು ದಾಟಿದರೂ ಅವಳ ಕೆನ್ನೆ ಆಗಷ್ಟೇ ಹೆರೆದ ಮೂಲಂಗಿ.

"ನಿನ್ನನ್ನೇನು ಕೆಂಡದ ಮೇಲೆ ಸುಟ್ಟು ತೆಗೆದ್ರೇನೆ?" ಎಂದು ಪಕ್ಕದಲ್ಲಿ ಕಾಲುಚೀಲ ಮಾರುವ ನನ್ನನ್ನು ಛೇಡಿಸುವುದು ಅವಳ ನಿತ್ಯಪೂಜೆ.

ಇಂಥ ವೀರವನಿತೆಗೆ ಕೊರೊನಾ ಬಂತು. ಜ್ವರವೇನೋ ಇಳಿಯಿತು. ಆದರೆ ಮೈಮೇಲೆ ನೀಲಿ ಕಲೆಗಳೆದ್ದವು, ಹಲ್ಲುಜ್ಜಿದರೆ ರಕ್ತ.

"ಪ್ಲೇಟ್‌ಲೆಟ್ ಕಮ್ಮಿಯಾಗಿದೆ ಅಮ್ಮಾ, ರಕ್ತ ಹೆಪ್ಪುಗಟ್ಟಿಸೋವು ಅವೇ," ಎಂದರು ಡಾಕ್ಟರು. "ವಿಟಮಿನ್ ಡಿ ಅಂತೂ ಹುಡುಕಿದ್ರೂ ಸಿಗ್ತಿಲ್ಲ."

"ಅದಿಲ್ಲ ಅಂತ ಇದು ಕಮ್ಮಿ ಆಯ್ತಾ?"

"ಕೊರೊನಾ ಬಂದ ಕೆಲವರಲ್ಲಿ ಎರಡೂ ಒಟ್ಟಿಗೆ ಕಾಣ್ಸುತ್ತೆ. ನಂಟೇನು ಅಂತ ಖಚಿತವಾಗಿ ಹೇಳೋಕಾಗಲ್ಲ. ಮಾತ್ರೆ ತಗೊಳ್ಳಿ, ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತ್ಕೊಳ್ಳಿ. ನಾನು ಹೇಳೋವರೆಗೂ ಚಾಕು ಮುಟ್ಬೇಡಿ."

ಬಿಸಿಲಿಗಿಂತ ಆ ಚಾಕುವಿನ ಮಾತೇ ಅವಳನ್ನು ಹೆಚ್ಚು ಇರಿಯಿತು. ಚಳಿಗಾಲಕ್ಕೆ ಎಲೆಕೋಸು, ಮೂಲಂಗಿಗಳ ಖಾರದ ಉಪ್ಪಿನಕಾಯಿ ಕಿಮ್ಚಿ ಹಾಕುವ ದಿನ ಹತ್ತಿರವಾಗಿತ್ತು. ಅತ್ತೆ ಸಾಯುವ ಮುಂಚೆ ಮಸಾಲೆ ಕಲಸುವ ಬೋಗುಣಿಯನ್ನು ಹಿರಿಸೊಸೆಯನ್ನು ಬಿಟ್ಟು ಕಿರಿಯಳಾದ ಬೊಕ್‌ಹಿಗೆ ಒಪ್ಪಿಸಿದ್ದಳು. ಹಿರಿಯ ವಾರಗಿತ್ತಿ ಪಿಲ್‌ಸುಕ್ ಅಂದಿನಿಂದ ಆ ಸಿಂಹಾಸನದ ಮೇಲೆ ಕಣ್ಣಿಟ್ಟೇ ಇದ್ದಳು. ಈಗ ಫೋನಿನಲ್ಲಿ ಹೇಳಿಯೂ ಬಿಟ್ಟಳು: "ಮೂಲಂಗಿ ಹೆಚ್ಚೋಕಾಗದವಳಿಗೆ ಬೋಗುಣಿ ಯಾಕೆ? ಈ ಸಲ ಸುಮ್ನೆ ಕೂತು ತಿನ್ನು."

ಬೊಕ್‌ಹಿ ಅಂಗಡಿಯನ್ನು ಮಗಳಿಗೆ ವಹಿಸಿ, ದಿನವೂ ತಾರಸಿಯಲ್ಲಿ ಕುರ್ಚಿ ಹಾಕಿ ಕುಳಿತಳು. ಆದರೂ ಎರಡನೆಯ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕೊಂಚವಷ್ಟೇ ಏರಿತ್ತು. ಚಾಕುವಿಗೆ ಅಪ್ಪಣೆ ಸಿಗಲಿಲ್ಲ.

ಕಿಮ್ಚಿಯ ದಿನ ಪಿಲ್‌ಸುಕ್ ಮತ್ತು ನೆರವಿಗೆಂದು ಹೋದ ನಾನು ಉಪ್ಪಲ್ಲಿ ನೆನೆದ ಎಲೆಕೋಸು ಹೊತ್ತು ತಾರಸಿ ಹತ್ತಿದರೆ, ಕುರ್ಚಿಯಲ್ಲಿ ಟೋಪಿ, ಮುಖಗವಸು, ತೋಳುಗವಸು ಕಂಡವು. ಒಳಗೆಲ್ಲೋ ಬೊಕ್‌ಹಿ ಇದ್ದಳು.

"ಏನೇ ಈ ವೇಷ?" ಎಂದಳು ಪಿಲ್‌ಸುಕ್.

"ಬಿಸಿಲು ಕಾಯ್ತಿದೀನಿ ಅಕ್ಕ. ಡಾಕ್ಟ್ರು ಹೇಳಿದ್ದಾರೆ."

"ಇಷ್ಟು ದಿನಾನೂ ಹೀಗೇ ಕಾದ್ಯಾ? ಬಿಸಿಲು ಒಳಗೆ ಬರೋದೆಲ್ಲಿಂದ, ನಿನ್ನ ಬೂಟಿಂದಾನಾ?"

"ಕೂತ್ಕೊಳ್ಳಿ ಅಂದ್ರು, ಬಿಚ್ಚಿ ಅನ್ಲಿಲ್ಲ!"

ನಾನು ಎಲೆಕೋಸಿನ ಹಿಂದೆ ಮುಖ ಮರೆಸಿಕೊಂಡೆ. ಪಿಲ್‌ಸುಕ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಬೋಗುಣಿಯನ್ನು ಬಿಸಿಲಿನ ನಡುವಿಗೆ ಎಳೆದು ಸಂಧಾನದ ಷರತ್ತು ಹೇಳಿದಳು:

"ಚಾಕು ನಂದು. ಅವನ್ನೆಲ್ಲ ಬಿಚ್ಚಿದ್ರೆ ಬೋಗುಣಿ ನಿಂದು. ಇಲ್ಲಾಂದ್ರೆ ಅದೂ ನಂದೇ."

"ಮುಖದ ಮೇಲೆ ಕಪ್ಪು ಚುಕ್ಕೆ ಬಂದ್ರೆ?"

"ನನ್ ಮುಖದ ಚುಕ್ಕೆ ನಿನ್ನನ್ಯಾವತ್ತಾದ್ರೂ ಕಚ್ಚಿದ್ಯಾ?"

ಬೊಕ್‌ಹಿ ಸೂರ್ಯನನ್ನೊಮ್ಮೆ, ಬೋಗುಣಿಯನ್ನೊಮ್ಮೆ ನೋಡಿದಳು. ಮೊದಲು ತೋಳುಗವಸು ಕಳಚಿತು, ಆಮೇಲೆ ಮುಖಗವಸು. ಕೊನೆಗೆ, ಕೋಟೆಯ ಬಾವುಟ ಇಳಿಸುವವಳಂತೆ, ಟೋಪಿ. ಖಾರಕ್ಕೆಂದು ಮೊಣಕೈವರೆಗೆ ರಬ್ಬರ್ ಗವಸು ತೊಟ್ಟಳು. ಅದರ ಮೇಲಿನ ತೋಳು, ಕತ್ತು, ಕೆನ್ನೆಗಳೆಲ್ಲ ವೈರಿಯ ವಶವಾದವು.

ಅವಳು ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಪಿಲ್‌ಸುಕ್ ಹೆಚ್ಚಿ ಹಾಕಿದ ಮೊದಲ ಹಿಡಿ ಮೂಲಂಗಿಯನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ಇದೇನು ಅಕ್ಕ, ಒಲೆಗೆ ಸೌದೇನಾ? ಇನ್ನೂ ಸಣ್ಣಗೆ ಹೆಚ್ಚಿ."

"ಅಯ್ಯೋ, ಬಿಚ್ಚಿಸಿ ತಪ್ಪು ಮಾಡಿದ್ನಲ್ಲೇ!" ಎಂದು ಗೊಣಗುತ್ತ ಪಿಲ್‌ಸುಕ್ ಸಣ್ಣಗೆ ಹೆಚ್ಚತೊಡಗಿದಳು.