ಬರ್ಫದ ಹಾದಿ ನೋಡಿದ ಗಂಗುಬಾಯಿ ವೈನಿ

ನಮ್ಮ ಗಂಗುಬಾಯಿ ವೈನಿ ಬಗ್ಗೆ ಸೋಲಾಪುರದಾಗ ಮಂದಿ ಬಾಯಿಗೆ ಬಂದಂಗ ಮಾತಾಡತಾರ. ತಲಿ ತಿರಗಿತ್ತು ಅಂತಾರ, ಗಾಳಿ ಬಡದಿತ್ತು ಅಂತಾರ. ಅನ್ನೋರಿಗೇನ್ರಿ, ನಾಲಿಗಿಗೆ ಎಲುಬಿಲ್ಲ. ನಾ ಅವರ ಮೈದುನ ಸೋಮೇಶ, ಒಂದ ಮನ್ಯಾಗ ಇರೋವ, ಎಲ್ಲಾ ಕಣ್ಣಾರೆ ಕಂಡವ. ಅದಕ್ಕ ನಾನ ಹೇಳತೀನಿ. ನಂಬೋದು ಬಿಡೋದು ನಿಮಗ ಸೇರಿದ್ದು.

ವೈನಿ ತವರು ಅಕ್ಕಲಕೋಟ ತಾಲೂಕಿನ ನಾಗಣಸೂರ. ನಮ್ಮದು ಸೋಲಾಪುರ ಪ್ಯಾಟ್ಯಾಗ ಚಾದರ ಅಂಗಡಿ. ಅಣ್ಣ ತೀರಿಕೊಂಡ ಮ್ಯಾಲ ಅಂಗಡಿ ನಡದಿದ್ದು ವೈನಿ ಕೈಮ್ಯಾಲ, ನಾ ಬರೇ ಹೆಸರಿಗೆ ಸಾವಕಾರ. ಗಿರಾಕಿ ಚಾದರ ಮುಟ್ಟೂದು ನೋಡಿ, ಇವ ಕೊಳ್ಳಾಕ ಬಂದಾನೋ, ಸುಮ್ಮ ಪಂಖಾದ ಗಾಳಿಗೆ ಬಂದಾನೋ ಅಂತ ತಿಳದುಬಿಡತಿದ್ರು. ಗಾಳಿಗೆ ಬಂದವನಿಗೂ, "ಕೂಡ್ರಿ ಅಣ್ಣಾರ, ಗಾಳಿಗೆ ನಾವು ರೊಕ್ಕ ತಗೋಳೂದಿಲ್ಲ" ಅಂತ ಚಹಾ ಕೊಡತಿದ್ರು. ಅಂಥಾ ಜೀವ ಅದು. ಬಿಸಲಾಗ ತಲಿಮ್ಯಾಲ ಸೆರಗಿಲ್ಲದ ಅಡ್ಡಾಡವರು, ಥಂಡ್ಯಾಗ ಸ್ವೆಟರ್ ಹಾಕ್ಕೊಂಡವರನ್ನ ನೋಡಿ ನಗವರು.

ಮುಂಜಾನಿ ಅಂಗಡಿ ಕಟ್ಟಿಮ್ಯಾಲ ನಮ್ಮ ಹವಾ ಕಚೇರಿ ಕೂಡತಿತ್ತು. ನಾನು, ರಿಟೈರ್ ಆದ ಗಣಿತ ಮಾಸ್ತರ ಅಂಬಾದಾಸ, ಏನರ ನೆವ ತಗದು ಬಸ್ ಹತ್ತಿ ಬರೋ ವಾಗದರಿಯ ಒಕ್ಕಲಿಗ ಅಣ್ಣಾರಾಯ. ಮೂರೂ ಮಂದಿಗೆ ಹವಾದ ಹುಚ್ಚು. ಅಂಬಾದಾಸ ಮಾಳಿಗಿಮ್ಯಾಲ ಥರ್ಮಾಮೀಟರ್ ಕಟ್ಟಿದವ. "ಅಕ್ಟೋಬರ್ ಹೀಟ್ ವರ್ಷಾ ವರ್ಷಾ ಬೆಳ್ಯಾಕತ್ತೈತಿ, ಈ ಸಲ ದೀಪಾವಳಿ ದಾಟಿದ್ರೂ ಥಂಡಿ ಇಲ್ಲ" ಅಂತಿದ್ದ. ಅಣ್ಣಾರಾಯ ಬಿಡತಿದ್ದಿಲ್ಲ. "ನಿನ್ನ ಕಾಜಿನ ಕಡ್ಡಿಗೇನ ಗೊತ್ತು ಮಾಸ್ತರ? ಸೀಗಿ ಹುಣ್ಣಿವಿಗೆ ಇಬ್ಬನಿ ಬಿದ್ದೈತಿ. ನನ್ನ ಹಿಂಗಾರಿ ಜ್ವಾಳ ಹಿಗ್ಗಿ ನಿಂತೈತಿ, ಅದನ್ನ ಕೇಳ ಹೋಗು" ಅಂತಿದ್ದ. ಎತ್ತು ಏರಿಗೆ ಎಳದ್ರ ಕೋಣ ನೀರಿಗೆ. ನಂದೊಂದ ಮಾತು: "ಥಂಡಿ ಬೀಳಲಿ ಮಾರಾಯ್ರ, ಚಾದರ ಖಪಾಗಿ ಅಂಗಡಿ ಖಾಲಿ ಆಗಲಿ." ವೈನಿ ಒಳಗಿಂದ, "ಹವಾ ತಿಂದು ಹೊಟ್ಟಿ ತುಂಬತೈತೇನ್ರಿ? ಬರ್ರಿ, ಉಪ್ಪಿಟ್ಟು ತಿನ್ರಿ" ಅಂತ ಒದರತಿದ್ರು.

ಹೋದ ವೈಶಾಖದಾಗ ವೈನಿ ಕೇದಾರ ಯಾತ್ರಾಕ್ಕ ಹೋದ್ರು. ಜೋಡಿಗೆ ಅವರ ಅಕ್ಕ ಹಣಮವ್ವ. ಇವರಿಬ್ಬರೂ ಸಣ್ಣವರಿದ್ದಾಗಿಂದ ಒಂದ ಹೊದಿಕ್ಯಾಗ ಮಲಗಿ ಬೆಳದವರು. ಲಗ್ನಾಗಿ ಮಕ್ಕಳಾದ್ರೂ, ವೈನಿ ನಾಗಣಸೂರಿಗೆ ಹೋದ್ರ ಎರಡನೇ ಹಾಸಿಗಿ ಹಾಸತಿದ್ದಿಲ್ಲ. ಅಲ್ಲಿ ಗುಡ್ಡದ ಹಾದ್ಯಾಗ ಅವೇಳ್ಯಾಗ ಬರ್ಫ, ಅಂದ್ರ ಹಿಮ, ಸುರೀತಂತ. ಇಬ್ಬರೂ ಒಂದ ಚಾದರ ಹೊತಗೊಂಡು ದಂಡಿಗೆ ಕುಂತ್ರು. ಬರ್ಫ ನಿಂತ ಮ್ಯಾಲ ವೈನಿ, "ನಡಿ ಅಕ್ಕ" ಅಂದ್ರು. ಅಕ್ಕ ಏಳಲಿಲ್ಲ. ಚಕ್ಕಳಮಕ್ಕಳ ಹಾಕಿ ಕುಂತಲ್ಲೇ ಜೀವ ಹೋಗಿತ್ತು.

ನಮ್ಮ ಮಂದ್ಯಾಗ ಸತ್ತವರನ್ನ ಸುಡೂದಿಲ್ಲ. ಕುಣಿ ತೋಡಿ, ಹಂಗ ಚಕ್ಕಳಮಕ್ಕಳ ಕೂಡಿಸಿ, ವಿಭೂತಿ ಬಿಲ್ವಪತ್ರಿ ಇಟ್ಟು, ಬಂದವರೆಲ್ಲಾ ಹಿಡಿ ಹಿಡಿ ಮಣ್ಣ ಕೊಡತೀವಿ. ಆ ಮಣ್ಣ ಸಿಕ್ರನ ಜೀವಕ್ಕ ಸಮಾಧಾನ. ಆ ಗುಡ್ಡದಾಗ ಎಲ್ಲಿ ತೋಡತೀರಿ? ಬರ್ಫದ ಬುಡಕ ಬರೇ ಬಂಡಿಗಲ್ಲು. ಯಾರೋ ಪುಣ್ಯಾತ್ಮರು ಹೊತ್ತು ಕೆಳಗ ತಂದು, ನದಿ ದಂಡಿಗೆ ಕಟಗಿ ಒಟ್ಟಿ, ಹಣಮವ್ವಗ ಬೆಂಕಿ ಕೊಟ್ರು.

ತಿರುಗಿ ಬಂದ ವೈನಿ ಅಳಲಿಲ್ಲ. ಒಂದು ಹನಿ ಕಣ್ಣೀರಿಲ್ಲ. ಸ್ಟೇಶನದಾಗ ನನ್ನ ಹೆಂಡತಿ ಪ್ರಾಜಕ್ತಾ ಅವರ ಕೈ ಹಿಡದಕಿ, "ಅಗೋಬಾಯಿ!" ಅಂತ ಗಪ್ಪನ ಬಿಟ್ಟುಬಿಟ್ಲು. ನಾ ಹಿಡದ ನೋಡಿದೆ. ಬಾವ್ಯಾಗಿಂದ ಈಗಷ್ಟ ಎತ್ತಿದ ಕೊಡ ಮುಟ್ಟಿದಂಗಾತು. ಮೇ ತಿಂಗಳ ಸೋಲಾಪುರ ಅದು, ನೆನಪಿರಲಿ.

"ಬೆಂಕಿ ಮೈಗಷ್ಟ ಕೊಟ್ರು ಸೋಮು" ಅಂದ್ರು ವೈನಿ. "ಅಕ್ಕ ಅಲ್ಲೇ ಬರ್ಫದಾಗ ಕುಂತಾಳ. ಮಣ್ಣ ಸಿಕ್ಕಿಲ್ಲ ಅಕಿಗೆ. ನನ್ನ ಹೊದಿಕಿ ಇನ್ನೂ ಜಗ್ಗತಾಳ."

ಮಳಿಗಾಲ ಹೋತು, ದಸರಾ ಹೋತು. ಅಕ್ಟೋಬರ್ ಬಿಸಲಿಗೆ ರಸ್ತಾದ ಡಾಂಬರ ಮೆತ್ತಗಾತು. ವೈನಿ ಅಂಗಡಿ ಹೊಸ್ತಿಲದಾಗ ದಪ್ಪನ್ನ ಚಾದರ ಹೊತಗೊಂಡು ಕೂಡತಿದ್ರು. ಒಂದಿನ ನಡು ಮಧ್ಯಾಹ್ನ, ಅವರು ಗಿರಾಕಿಗೆ ಏನೋ ಹೇಳಾಕ ಬಾಯಿ ತಗದ್ರು, ಬಾಯಿಂದ ಉಗಿ ಹೊಂಟಿತು. ಮಾಘ ಮಾಸದ ಮುಂಜಾನಿ ದನಗಳ ಮೂಗಿನ್ಯಾಗಿಂದ ಹೊಂಡತೈತಲ್ಲ, ಹಂಗ. ಗಿರಾಕಿ ಚಾದರ ಅಲ್ಲೇ ಒಗದು ಓಡಿದ.

ಅಂಬಾದಾಸಗ ಹೇಳಿದ್ರ ನಂಬಲಿಲ್ಲ. ಮರುದಿನ ಥರ್ಮಾಮೀಟರ್ ತಂದು ಸುಮ್ಮ ವೈನಿ ಮಗ್ಗಲಿಗೆ ಇಟ್ಟ. ನೋಡ್ನೋಡತಿದ್ದಂಗ ಒಳಗಿನ ಪಾದರಸ ಇಳೀತು. ಝಾಡಿಸಿದ, ರಸ್ತಾಕ್ಕ ಒಯ್ದ, ಏರಿತು. ತಿರುಗಿ ತಂದ, ಇಳೀತು. ನಮ್ಮ ಶ್ಯಾಣೇತನ ನೋಡ್ರಿ, ಹೆದರೋದು ಬಿಟ್ಟು ವಾದಕ್ಕ ಬಿದ್ವಿ! "ನೆರಳಿನ ಪರಿಣಾಮ" ಅಂದ ಅಂಬಾದಾಸ. "ನೆರಳಾಗ ನಾನೂ ಕುಂತೀನಿ, ಬೆವರ ಸುರ್ಯಾಕತ್ತೈತಿ" ಅಂದ ಅಣ್ಣಾರಾಯ. "ಈ ವರ್ಷ ಥಂಡಿ ಜಬರದಸ್ತ ಬರತೈತಿ, ಇದು ಅದರ ಗುರುತು" ಅಂದೆ ನಾನು, ಚಾದರದ ಆಸಿಗೆ.

ನಮ್ಮ ಗದ್ದಲದಾಗ ವೈನಿ ಮೆಲ್ಲಕ ಕೇಳಿದ್ರು: "ಮಾಸ್ತರ, ನಮ್ಮ ಕಡೆ ಬರ್ಫ ಯಾವಾಗ ಬೀಳತೈತ್ರಿ?"

ಅಂಬಾದಾಸ ಚೇಷ್ಟಿ ಮನಷ್ಯಾ. "ಎಳ್ಳ ಅಮಾಸಿ ದಿನ ಬೀಳತೈತ್ರಿ ಅಕ್ಕಾರ, ಅದೂ ಸೀದಾ ನಿಮ್ಮ ನಾಗಣಸೂರಾಗ!" ಅಂದುಬಿಟ್ಟ. ನಾವೆಲ್ಲಾ ನಕ್ವಿ. ವೈನಿ ನಗಲಿಲ್ಲ.

"ಹಂಗಾರ ತವರಿಗೇ ಬರತಾಳ" ಅಂದ್ರು.

ವಾರ ಒಪ್ಪತ್ತಿನ್ಯಾಗ ಧೂಳಪ್ಪನ ಫೋನ್ ಬಂತು. ಇಂವ ಬೀರೋಬಾನ ಭಕ್ತ, ವೈನಿ ತವರ ಹೊಲದಾಗ ಕುರಿ ತರುಬೋ ಕುರುಬ. "ಸಾವಕಾರ್ರ, ಗಂಗುಬಾಯಾರು ಬಂದು ನನ್ನ ಕಡಿಂದ ಹೊಲದಾಗ ಕುಣಿ ತೋಡಸ್ಯಾರ್ರಿ" ಅಂದ. ಆಮ್ಯಾಲ ದನಿ ಸಣ್ಣದು ಮಾಡಿ ಕೇಳಿದ, "ಯಾರ ತೀರಿಕೊಂಡಾರ್ರಿ?"

ಬಿದ್ದೆನೋ ಎದ್ದೆನೋ ಅಂತ ಓಡಿದೆ. ವೈನಿ ತಂದಿಯವರ ಸಮಾಧಿ ಮಗ್ಗಲಿಗೆ ಕರಿ ಮಣ್ಣಿನ್ಯಾಗ ಕುಣಿ ಬಾಯಿ ತಗದು ಕುಂತಿತ್ತು. ಸಣ್ಣ ಮಗೂಗೂ ಗೊತ್ತೈತಿ, ತೋಡಿದ ಕುಣಿ ಖಾಲಿ ಬಿಡಬಾರದು, ಅದು ಯಾರನ್ನರ ಬೇಡತೈತಿ. ನಾನು ಧೂಳಪ್ಪ ಕೂಡಿ ಮುಚ್ಚಿ ಬಂದ್ವಿ. ವೈನಿ ಬಸ್ ಹತ್ತಿ ಹೋಗಿ ಬರಿಗೈಲೆ ತಗದ್ರು. ಉಗರಾಗ ರಕ್ತ. ಎರಡನೇ ಸಲ ಮುಚ್ಚಾಕ ನನಗ ಕೈ ಬರಲಿಲ್ಲ. ಡಾಕ್ಟರ್ ನೋಡಿ, ಎಲ್ಲಾ ನಾರ್ಮಲ್ ಅಂತ ನಿದ್ದಿ ಗುಳಿಗಿ ಬರಕೊಟ್ರು.

"ವೈನಿ, ನಿಮ್ಮ ಕಾಲ ಬೀಳತೀನಿ, ಮುಚ್ಚಸೂಣು" ಅಂದೆ.

"ಅಕ್ಕ ಬರತಾಳ. ಬಂದ್ಲಂದ್ರ ಮಣ್ಣ ಕೊಟ್ಟು ಮುಚ್ಚೂಣು" ಅಂದ್ರು, ಸಾರಿಗೆ ಉಪ್ಪ ಹಾಕೋ ಮಾತಿನಂಗ. "ಅಮಾಸಿಗೆ ಬರದಿದ್ರ ನಾ ಇಳದು ಕೂಡ್ತೀನಿ. ಕುಣಿಗೆ ಒಬ್ಬರು ಬೇಕಲ್ಲ? ಅಲ್ಲಿ ಅಕಿ ಒಬ್ಬಾಕಿನ ಕುಂತಾಳೋ."

ಅವರು ಆಡಿದ ಮಾತು ಇವತ್ತಿನ ತನಕ ತಪ್ಪಿದವರಲ್ಲ.

ಆವತ್ತಿಂದ ನಮ್ಮ ಹವಾ ಕಚೇರ್ಯಾಗ ನಗೂದು ಬಂದಾತು. ಅಂಬಾದಾಸ ಮಾರಿ ಒಣಗಿಸಿಕೊಂಡು ಮೊಬೈಲನಾಗ ಮೋಡದ ನಕಾಶಿ ನೋಡಿದ್ದ ನೋಡಿದ್ದು. "ಎಲ್ಲೂ ಏನೂ ಇಲ್ಲೋ ಸೋಮ್ಯಾ. ಆಕಾಶ ಬೋಳ ಐತಿ" ಅಂತಿದ್ದ. ಬರ್ಫ ನಮ್ಮ ಕಡೆ ಬೀಳೂದಿಲ್ಲ, ಅದು ಹುಚ್ಚಗೂ ಗೊತ್ತು. ಆದ್ರ ಆಣಿಕಲ್ಲು ಬೀಳತೈತಿ. ಹೊಲದಾಗ ಪೀಕ ನಿಂತಿರೋ ಒಕ್ಕಲಿಗ ಯಾವನೂ ಆಣಿಕಲ್ಲು ಬೇಡೂದಿಲ್ಲ. ಅಣ್ಣಾರಾಯ ಬೇಡಿದ. "ಮಲ್ಲಯ್ಯಾ, ಆಣಿಕಲ್ಲರ ಕೆಡವಪಾ, ನನ್ನ ಜ್ವಾಳ ಮಲಗಿದ್ರ ಮಲಗಲಿ" ಅಂತ ಅಂಗಡಿ ಕಟ್ಟಿಮ್ಯಾಲ ಕೈ ಮುಗದ.

ಎಳ್ಳ ಅಮಾಸಿ ಬಂತು. ಆವತ್ತ ನಮ್ಮ ಕಡೆ ಮನ್ಯಾಗ ಯಾರೂ ಇರೂದಿಲ್ಲ, ಎಲ್ಲಾರೂ ಬುತ್ತಿ ಕಟಗೊಂಡು ಹೊಲಕ್ಕ. ನಾವು ಮೂರೂ ಮಂದಿ ವೈನೀನ ಕರಕೊಂಡು ನಾಗಣಸೂರಿಗೆ ಹೋದ್ವಿ. ಅಮಾಸಿ ಅಂತ ವೈನಿ ಮೈಮ್ಯಾಲ ಹೊಸ ಇಳಕಲ್ ಸೀರಿ, ಹಣಿ ತುಂಬ ವಿಭೂತಿ, ಉಡ್ಯಾಗ ಬಿಲ್ವಪತ್ರಿ. ಸಜ್ಜಿ ಕಡಬು, ಭಜ್ಜಿ, ಶೇಂಗಾ ಹೋಳಿಗಿ ಎಲ್ಲಾ ಭೂಮಿತಾಯಿಗೆ ಎಡಿ ಹಿಡದು, ಹೊಲದ ತುಂಬ ಚರಗ ಚೆಲ್ಲಿದ್ವಿ. ಸುತ್ತ ಹೊಲದಾಗೆಲ್ಲಾ ಹುಡುಗರ ಕೇಕಿ. ನಮ್ಮ ಹೊಲದಾಗ ಹಕ್ಕಿ ದನಿ ಸೈತ ಇಲ್ಲ. ಧೂಳಪ್ಪನ ಕುರಿ ಅಷ್ಟೂ ಕುಣಿ ಕಡೆ ಬೆನ್ನ ಮಾಡಿ ನಿಂತಿದ್ವು, ಹೊಡದ್ರೂ ತಿರಗವಲ್ವು.

ಬಿಸಲು ನೆತ್ತಿಮ್ಯಾಲ ಬಂತು. ಮೋಡದ ಸುಳಿವಿಲ್ಲ. ವೈನಿ ತುತ್ತು ಮುಟ್ಟಲಿಲ್ಲ. ಎದ್ರು, ಸೀರಿ ಝಾಡಿಸಿಕೊಂಡ್ರು, ಹೋಗಿ ಕುಣ್ಯಾಗ ಇಳದು ಚಕ್ಕಳಮಕ್ಕಳ ಹಾಕಿ ಕುಂತುಬಿಟ್ರು.

"ವೈನೀ!" ಅಂತ ಚೀರಿ ನಾನೂ ಇಳದೆ. ರಟ್ಟಿ ಹಿಡದು ಜಗ್ಗಿದೆ. ಮುದುಕಿ ಹೆಂಗಸು, ಹಗೂರ ಮೈ. ಅಲಗಾಡಲಿಲ್ಲ. ಅಣ್ಣಾರಾಯ ಬಂದು ಜಗ್ಗಿದ. ಆ ಕಡೆಯಿಂದ ಯಾರೋ ಗಟ್ಟಿ ಹಿಡಕೊಂಡಂಗ ಇತ್ತು. ವೈನಿ ಕಣ್ಣ ಮುಚ್ಚಿ ಮಗ್ಗಲಾಗಿನ ಖಾಲಿ ಜಾಗಾಕ್ಕ, "ಸರಿ ಸರಿ, ನನಗೂ ಹೊಚ್ಚ" ಅಂತಿದ್ರು. ನಾ ಅಳಾಕತ್ತಿದ್ದೆ. ಇದ್ದೊಬ್ಬ ತಾಯಿಯಂಥಾಕಿನ್ನ ಮಣ್ಣು ತಗೊಂಡು ಹೊಂಟಿತ್ತು.

ಆಗ ನೆರಳಾತು. ಎಲ್ಲಿಂದ ಬಂತೋ, ಹೊಲದ ಬದುವಿನಷ್ಟಕ್ಕ ಅಳತಿ ಮಾಡಿ ಕೊರದಂಗ ಒಂದ ಮೋಡ. ಮೊದಲ ಬಡಬಡ ಬಡೀತು, ಆಣಿಕಲ್ಲು. ಆಮ್ಯಾಲ ಸಪ್ಪಳ ನಿಂತಿತು. ಬಿಳೇದು ಬೀಳೂದು ನಿಲ್ಲಲಿಲ್ಲ, ಸಪ್ಪಳ ಅಷ್ಟ ನಿಂತಿತು. ಮೆತ್ತಗ, ಹತ್ತಿ ಬಿದ್ದಂಗ. ಮಗ್ಗಲ ಹೊಲದಾಗ ಬಿಸಲಿತ್ತು, ಹುಡುಗರು ಆಡಾಕತ್ತಿದ್ರು.

ವೈನಿ ಕಣ್ಣ ತಗದ್ರು. "ಬಂದೇನ ಅಕ್ಕಾ? ಜರಗ, ನಾ ಏಳತೀನಿ, ನೀ ಕೂಡು" ಅಂದ್ರು. "ಸೋಮು, ಕೈ ಕೊಡು." ಕೊಟ್ಟೆ. ಆ ಕೈ ಬಿಸಿ ಇತ್ತು! ಹೂವ ಎತ್ತಿದಂಗ ಮ್ಯಾಲ ಬಂದ್ರು. ನಾವು ದಂಡಿಗೆ ನಿಂತು ನೋಡಿದ್ವಿ. ವೈನಿ ಎದ್ದ ಜಾಗಾದಾಗ ಬಿಳೇದು ಏರಿತು. ಮೊಣಕಾಲಿನಷ್ಟು, ಆಮ್ಯಾಲ ಎದಿಯಷ್ಟು, ಕಡೀಕ ತಲಿಯಷ್ಟು.

"ನೋಡಕೋತ ಏನ ನಿಂತೀರಿ? ಮಣ್ಣ ಕೊಡ್ರಿ!" ಅಂತ ವೈನಿ ಒದರಿದ್ರು. ವಿಭೂತಿ, ಬಿಲ್ವಪತ್ರಿ ಅವರ ಕೈಯಾರೆ ಬಿಟ್ರು. ಮೊದಲನೇ ಹಿಡಿ ಅವರದು. ಆಮ್ಯಾಲ ನಂದು, ಅಣ್ಣಾರಾಯನದು, ಅಂಬಾದಾಸಂದು. ಧೂಳಪ್ಪ ಸಲಕಿ ಹಿಡದ. ಕುಣಿ ತುಂಬೂದಕ್ಕೂ ಮೋಡ ಹರಿಯೂದಕ್ಕೂ ಸರಿ ಹೋತು.

ಬಿಸಲು ಬಿತ್ತು. ಹೊಲದಾಗಿನ ಬಿಳೇದೆಲ್ಲಾ ಕರಗಿ ನೀರಾತು. ಕುಣ್ಯಾಗಿಂದೂ ಕರಗಬೇಕು, ಮಣ್ಣ ಕುಸೀಬೇಕು. ನಾವು ಕಾದ್ವಿ. ಕುಸೀಲಿಲ್ಲ. ತೋಡಿದ ಮಣ್ಣಿನ್ಯಾಗ ಒಂದ ಗುಂಪಿ ದಂಡಿಗೆ ಹಂಗ ಉಳದಿತ್ತು.

"ಅಗದ ಮಣ್ಣು ಹಿಗ್ಗತೈತಿ, ಅದಕ್ಕ..." ಅಂತ ಅಂಬಾದಾಸ ಸುರು ಮಾಡಿದ.

ಅಣ್ಣಾರಾಯ ಊರಾಗ ಎಷ್ಟೋ ಮಂದಿಗೆ ಕುಣಿ ತೋಡಿ ಮುಚ್ಚಿದವ. ಆ ಗುಂಪಿ ನೋಡಿ ತಲಿಮ್ಯಾಲಿನ ರುಮಾಲ ತಗದ. "ಒಳಗ ಒಬ್ಬರು ಕುಂತಷ್ಟು ಮಣ್ಣ ಉಳದೈತಿ ಮಾಸ್ತರ" ಅಂದ.

ವೈನಿ ಹಣಿಮ್ಯಾಲ ಬೆವರ ಹನಿ ಮೂಡಿದ್ವು. ಮುಚ್ಚಿದ ಮಣ್ಣಿನ ಮ್ಯಾಲ ಅಂಗೈ ಇಟ್ರು. ಆಮ್ಯಾಲ ನನ್ನ ಕೊಳ್ಳಿಗೆ ಬಿದ್ದು, ಸತ್ತ ಮನ್ಯಾಗ ಹೆಣ್ಣಮಕ್ಕಳು ಅಳತಾರಲ್ಲ, ಹಂಗ ಎದಿ ಬಡಕೊಂಡು ಅತ್ರು. ಯಾತ್ರಾದಿಂದ ಬಂದ ಮ್ಯಾಲ ಇದ ಮೊದಲು.

"ನಮ್ಮ ಅಕ್ಕ ಸತ್ಲೋ ಸೋಮು! ನಮ್ಮ ಅಕ್ಕ ಇವತ್ತ ಸತ್ಲೋ!"