ಮೆಟ್ಟಿಲ ಬಳಿಯ ಕುರ್ಚಿ

ಕುರ್ಚಿಗಳಲ್ಲಿ ಕೂರುವ ಕುರ್ಚಿ, ಕಾಯುವ ಕುರ್ಚಿ ಎಂದು ಎರಡು ಜಾತಿಗಳಿವೆ ಎಂಬುದು ನನ್ನ ಅನುಭವಜನ್ಯ ಸಿದ್ಧಾಂತ. ಈ ಪರದೇಶದಲ್ಲಿ, ಕೆಂಟ್ ಎಂಬ ಊರಿನ ಹಳೆಯ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿ, ಮಗಳ ಪಿಯಾನೊ ಟೀಚರ್ ಮನೆಯ ಬಾಗಿಲೊಳಗೆ ಇರುವುದು ಎರಡನೆಯ ಜಾತಿಯದು. ಬೆನ್ನಿನ ಅಸ್ತಿತ್ವವನ್ನೇ ಅದು ಒಪ್ಪುವುದಿಲ್ಲ. ವಾರವಿಡೀ ಕರ್ಕ್‌ಲ್ಯಾಂಡಿನ ಆಫೀಸಿನಲ್ಲಿ ಸವೆದ ದೇಹವನ್ನು ಶನಿವಾರ ವುಡಿನ್‌ವಿಲ್‌ನ ಮನೆಯಿಂದ ಟ್ರಾಫಿಕ್ಕಿನಲ್ಲಿ ತೆವಳಿಸಿಕೊಂಡು ತಂದು ಅದರ ಮೇಲೆ ಇಳಿಸಿದ ಮೇಲೆ, ಮೂರು ವರ್ಷಗಳಿಂದ ನಾನು ಸಲ್ಲಿಸುತ್ತ ಬಂದ ಏಕೈಕ ಸಂಗೀತಸೇವೆಯೆಂದರೆ ತೂಕಡಿಕೆ. ಧಾರವಾಡದವನಿಗೆ ಸ್ವರಜ್ಞಾನ ನೀರಿನಲ್ಲೇ ಬಂದಿರಬೇಕೆಂದು ಇಲ್ಲಿನ ಬೆಂಗಳೂರು ಮಿತ್ರರು ನಂಬಿದ್ದಾರೆ. ನನಗೆ ಆ ನೀರಿನಿಂದ ಬಂದದ್ದು ನೆಗಡಿ ಮಾತ್ರ.

ಕುರ್ಚಿಯ ಎದುರಿನ ಗೋಡೆಯಲ್ಲಿ ಭವ್ಯ ಕಟ್ಟಡವೊಂದರ ಕಪ್ಪುಬಿಳುಪು ಚಿತ್ರವಿದೆ. ಯಾವುದೋ ಬ್ಯಾಂಕಿರಬೇಕೆಂದುಕೊಂಡಿದ್ದೆ. ಎಂಬತ್ತರ ಹತ್ತಿರದ ಪೋಲೆಂಡಿನ ಹೆಂಗಸೊಬ್ಬರು ಮನೆಯಲ್ಲಿ ಬ್ಯಾಂಕನ್ನೇಕೆ ತೂಗುಹಾಕುತ್ತಾರೆ ಎಂದು ಕೇಳುವಷ್ಟು ಕುತೂಹಲವೂ ನನ್ನಲ್ಲಿ ಉಳಿದಿರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಈ ಓಡಾಟಕ್ಕೆ ನಾನು ಸೋತೆ. ಪಾಠ ನಿಲ್ಲಿಸುತ್ತೇವೆಂದು ಟೀಚರಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದೆ. ಮಗಳಿಗೆ ತಿಳಿಸಿದಾಗ ಅವಳು ಕಾರಿನ ಕಿಟಕಿಯತ್ತ ಮುಖ ತಿರುಗಿಸಿ “ಓಕೆ” ಎಂದಳು, ಅಷ್ಟೇ. ಅದು ಆಯುಧಪೂಜೆಯ ವಾರ. ನಮ್ಮ ಕಾರು, ಮಿಕ್ಸರು, ಲ್ಯಾಪ್‌ಟಾಪುಗಳಿಗೆ ಹೂವೇರಿಸಿದ ಹೆಂಡತಿ, “ಏನ್ರೀ, ಟೀಚರ್ ಪಿಯಾನೋಕ್ಕೂ ಹೂ ಬ್ಯಾಡೇನು?” ಎಂದಳು. ಕೆಟ್ಟ ಸುದ್ದಿ ಹೇಳಲು ಬರಿಗೈಲಿ ಹೋಗುವುದು ಹೇಗೆಂದು ನಾನೂ ಬಿಳಿ ಸೇವಂತಿಗೆಯ ಕುಂಡವೊಂದನ್ನು ಎತ್ತಿಕೊಂಡು ಹೊರಟೆ.

ಬಾಗಿಲು ತೆರೆದ ಟೀಚರ್ ಹೂ ನೋಡಿ ಬಿಳಿಚಿಕೊಂಡರು. “ಯಾರು ತೀರಿಕೊಂಡರು?”

ಅವರ ದೇಶದಲ್ಲಿ ಸೇವಂತಿಗೆ ಸಮಾಧಿಗಳ ಹೂವಂತೆ. ನಾನು ತಡಬಡಾಯಿಸುತ್ತ, ದುಡಿಯುವ ಸಲಕರಣೆಗಳಿಗೆ ನಾವು ವರ್ಷಕ್ಕೊಮ್ಮೆ ಹೂವಿಟ್ಟು ಕೈಮುಗಿಯುತ್ತೇವೆ ಎಂದು ವಿವರಿಸಿದೆ. ಆದರೆ ಅವರ ಪ್ರಶ್ನೆ ನನ್ನನ್ನು ಚುಚ್ಚಿತು. ಏನನ್ನೋ ಮುಗಿಸಲೆಂದೇ ತಾನೆ ನಾನು ಬಂದದ್ದು!

ಅವರು ಕುಂಡವನ್ನು ಪಿಯಾನೊದ ಮೇಲಿಡಲಿಲ್ಲ. ಗೋಡೆಯ ಚಿತ್ರದ ಕೆಳಗಿಟ್ಟರು. “ಹಾಗಾದರೆ ಇದು ಇವಳಿಗಿರಲಿ. ಇವಳಿಗೆ ಯಾರೂ ಹೂವಿಟ್ಟಿಲ್ಲ.”

ಅದು ಬ್ಯಾಂಕಲ್ಲ, ಅವರೂರಿನ ಸಂಗೀತ ವಿದ್ಯಾಲಯ. ಪರರ ಆಳ್ವಿಕೆಯಲ್ಲಿದ್ದ ಕಾಲದಲ್ಲೇ ಊರವರು ಹಟ ಹಿಡಿದು ಕಟ್ಟಿದ್ದು. ಯುದ್ಧದಲ್ಲಿ ಜರ್ಮನ್ನರು ಮೊದಲು ಅದಕ್ಕೆ ಬೀಗ ಜಡಿದರು, ಕೊನೆಗೆ ಸುಟ್ಟರು. ಬೀಗ ಬಿದ್ದ ಕಾಲದಲ್ಲೂ ಪಾಠ ನಿಲ್ಲಲಿಲ್ಲವಂತೆ. ಪ್ರೊಫೆಸರೊಬ್ಬರು ಮನೆಯಲ್ಲೇ ಗುಟ್ಟಾಗಿ, ಮೆಲುದನಿಯಲ್ಲಿ ನುಡಿಸಿ ಆಗ ಏಳೆಂಟು ವರ್ಷದ ಹುಡುಗಿಯಾಗಿದ್ದ ಈ ಟೀಚರಿಗೆ ಕಲಿಸುತ್ತಿದ್ದರು. ಇವರ ಅಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕೆಳಗೆ ಬೂಟಿನ ಸದ್ದಾದರೆ ಕೆಮ್ಮುತ್ತಿದ್ದಳು, ಒಳಗೆ ಪಿಯಾನೊ ನಿಲ್ಲುತ್ತಿತ್ತು. ಯುದ್ಧದ ನಂತರ ವಿದ್ಯಾಲಯ ಮತ್ತೆ ಎದ್ದಿತು, ಬಾಗಿಲಲ್ಲಿ ಗುರುಗಳ ಹೆಸರುಗಳನ್ನು ಕೆತ್ತಿದರು. “ಮೆಟ್ಟಿಲ ಮೇಲೆ ಕೂತವರ ಹೆಸರು ಅಲ್ಲಿಲ್ಲ” ಎಂದು ಹೇಳಿ ಟೀಚರ್ ನನ್ನ ಮಗಳನ್ನು ಒಳಗೆ ಕರೆದೊಯ್ದರು.

ಪಾಠ ಮುಗಿದ ಮೇಲೆ ಹೇಳೋಣವೆಂದು ಕುಳಿತೆ. ಉದಾತ್ತ ಕಥೆಗಳಿಂದ ಬೆನ್ನುನೋವು ವಾಸಿಯಾಗುವುದಿಲ್ಲವೆಂದು ಓದುಗ ಮಿತ್ರರಿಗೆ ಪ್ರಾಮಾಣಿಕವಾಗಿ ತಿಳಿಸಬೇಕು. ದಣಿವು ಇದ್ದಲ್ಲೇ ಇತ್ತು, ನಿದ್ದೆ ಮಾತ್ರ ಬರಲಿಲ್ಲ. ಒಳಗೆ ಟೀಚರ್ ತಾವೇ ನುಡಿಸಿ ತೋರಿಸುತ್ತಿದ್ದರು. ಹೊರಗೆ ಮೆಟ್ಟಿಲ ಮೇಲೆ ಪಾರ್ಸೆಲ್ ತರುವವನ ಭಾರವಾದ ಹೆಜ್ಜೆಗಳು ಕೇಳಿಸಿದವು. ನನಗೇ ತಿಳಿಯದಂತೆ ಕೆಮ್ಮಿಬಿಟ್ಟೆ.

ಪಿಯಾನೊ ನಿಂತಿತು.

ಎದ್ದು ಹೋಗಿ, “ಏನಿಲ್ಲ, ನಾನಿಲ್ಲೇ ಇದ್ದೇನೆ” ಎಂದೆ. ಕೊಂಚ ಹೊತ್ತಿನ ಮೇಲೆ ಪಿಯಾನೊ ನಿಂತಲ್ಲಿಂದಲೇ ಮುಂದುವರಿಯಿತು.

ವಾಪಸು ಕಾರಿನಲ್ಲಿ ಮಗಳು ಮೆಲ್ಲಗೆ ಕೇಳಿದಳು: “ಡಿಡ್ ಯು ಟೆಲ್ ಹರ್?”

“ಮುಂದಿನ ಶನಿವಾರ ನೆನಪ ಮಾಡವಾ,” ಎಂದೆ, “ಆ ಕುರ್ಚಿಗೊಂದು ದಿಂಬು ತಗೊಂಡು ಹೋಗೂಣು.”