ಗಾಜಿನ ಮೇಲಿಲ್ಲ

ಅಪಾರ್ಟ್‌ಮೆಂಟಿನ ಸಿ ಕಟ್ಟಡದ ಮೆಟ್ಟಿಲ ಕೆಳಗೆ, ಟಪಾಲು ಡಬ್ಬಿಗಳ ಪಕ್ಕದಲ್ಲಿ, ಡೆಲ್ಮಾರ್ ಗಿಡ್ರಿ ದಿನವೂ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅರವತ್ತು ದಾಟಿದ ಎತ್ತರದ ಕರಿಯ ಮನುಷ್ಯ; ಎಡ ಮಂಡಿ ಮಡಚುತ್ತಿರಲಿಲ್ಲವಾದ್ದರಿಂದ ಆ ಕಾಲು ಯಾವಾಗಲೂ ಮುಂದಕ್ಕೆ ಚಾಚಿರುತ್ತಿತ್ತು. ಹೋಗಿಬರುವವರೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕು, ದಾಟುವಾಗ ಒಂದು ಮಾತು ಆಡಲೇಬೇಕು.

"ಏನ್ ಮಿಸ್ಟರ್ ಡೆಲ್, ಕಾವಲಾ?"

"ಇನ್ನೇನಪ್ಪ ಮತ್ತೆ? ನಿನ್ ಹೆಂಡ್ತಿ ಒಂದ್ ಲೋಟ ಕಾಫಿ ಕೊಟ್ಟಿದ್ರೆ ಒಳಗ್ ಬಂದ್ ಕೂತಿರ್ತಿದ್ದೆ."

ಹೀಗೆ ಮಾತನಾಡಿಸುವವರು ಅವನಿಗೆ ಸುಲಭಕ್ಕೆ ಸಿಕ್ಕಿರಲಿಲ್ಲ. ಹುಟ್ಟಿ ಬೆಳೆದದ್ದು ಲೂಸಿಯಾನದ ಲೇಕ್ ಚಾರ್ಲ್ಸ್‌ನಲ್ಲಿ. ಹಡಗು ರಿಪೇರಿ ಮಾಡುವ ಕಡೆ ವೆಲ್ಡಿಂಗ್ ಕೆಲಸ. ಚಂಡಮಾರುತ ಬಂದು ಮನೆಯ ಚಾವಣಿ ಹೊತ್ತುಕೊಂಡು ಹೋಯಿತು. ಸರ್ಕಾರ ಕೊಟ್ಟ ತಗಡಿನ ಗಾಡಿಮನೆಯಲ್ಲಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹೆಂಡತಿ ಲೊರೇನಾ ಎದೆನೋವೆಂದು ಮಲಗಿದವಳು ಏಳಲಿಲ್ಲ. ಆಮೇಲೆ ಅವನು ಹ್ಯೂಸ್ಟನ್‌ಗೆ ಬಂದ. ಮೊದಮೊದಲು ಆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಅವನ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಒಂದು ದಿನ ಮಂಡಿನೋವು ತಾಳಲಾರದೆ ಕೆಳಗೇ ಕುರ್ಚಿ ಹಾಕಿ ಕೂತ. ಅಂದಿನಿಂದ ಊರೆಲ್ಲ ಅವನದಾಯಿತು. ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಯಾರ ಕಾರು ಸ್ಟಾರ್ಟ್ ಆಗುವಾಗ ಕೆಮ್ಮುತ್ತದೆ, ಎಲ್ಲ ಅವನಿಗೆ ಗೊತ್ತು.

ಅವನ ತಲೆಯ ಮೇಲಿನ ಮನೆ ಅರ್ಲೀನ್ ಬಟೀಸ್ಟ್‌ದು. ಅವಳೂ ಲೂಸಿಯಾನದವಳೇ, ವಿಧವೆ, ಅವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಸೋಮವಾರ ಸೋಮವಾರ ಅವಳ ಮನೆಯಲ್ಲಿ ಕೆಂಪು ಬೀನ್ಸ್ ಕಾಳು ಬೇಯುತ್ತಿತ್ತು. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ತುಂಡು ಹಾಕಿ, ಅನ್ನದ ಮೇಲೆ ಸುರಿದು, ಒಂದು ಬಟ್ಟಲು ಇವನಿಗೂ ಇಳಿಸುತ್ತಿದ್ದಳು. ಊರಿನ ಇನ್ನೊಂದು ತುದಿಯಲ್ಲಿ ಹಾಸಿಗೆ ಹಿಡಿದ ಮುದುಕನೊಬ್ಬನ ಆರೈಕೆ ಅವಳ ಕೆಲಸ. ಬೆಳಿಗ್ಗೆ ಹೋಗಿ, ನಡುವೆ ಮನೆಗೆ ಬಂದು ಉಂಡು, ಮತ್ತೆ ಸಂಜೆಯ ಪಾಳಿಗೆ ಓಡುವಳು. ಓಡಾಟಕ್ಕೆ ಗಂಡ ಕ್ಲೋವಿಸ್ ಬಿಟ್ಟುಹೋದ ಹಳೆಯ ಬೆಳ್ಳಿ ಬಣ್ಣದ ಬ್ಯೂಕ್ ಕಾರಿತ್ತು.

ತೊಂದರೆ ಶುರುವಾದದ್ದು ಹಿಂದಿನ ಬೀದಿಯ ಬಾರಿನಿಂದ. ಅಲ್ಲಿಗೆ ಕುಡಿಯಲು ಬರುವವರು ಕಾರು ತಂದು ಇಲ್ಲಿ ನಿಲ್ಲಿಸುತ್ತಿದ್ದರು. ದುಡಿದು ಬಂದವರಿಗೆ ಸ್ವಂತ ಮನೆಯ ಮುಂದೆ ಜಾಗವಿಲ್ಲ. ಎಲ್ಲರ ಪರವಾಗಿ ಆಫೀಸಿಗೆ ಹೋಗಿ ಜಗಳ ಆಡಿದವನು ಡೆಲ್ಮಾರನೇ. ಮ್ಯಾನೇಜರ್ ಟ್ರೇಸಿ ಹೋಲ್ಕಂ ನಗುನಗುತ್ತಲೇ ಎಲ್ಲ ಕೇಳಿಸಿಕೊಂಡಳು. ಮುಂದಿನ ವಾರ, ಇಲ್ಲಿ ವಾಸವಿರುವವರದೆಂಬ ಗುರುತಿಗೆ, ಎಲ್ಲರ ಕಾರಿಗೂ ಹಸಿರು ಸ್ಟಿಕ್ಕರ್ ಬಂತು. ಅದರ ಹಿಂದೆಯೇ ಕಾರು ಎಳೆದೊಯ್ಯುವ ಟೋಯಿಂಗ್ ಲಾರಿಯೂ ಬಂತು.

ಲಾರಿಯವನ ಹೆಸರು ವೇಡ್. ಕೆಂಪು ಗಡ್ಡ, ದೊಡ್ಡ ಹೊಟ್ಟೆ, ಬಾಯಿ ತುಂಬ ಮಾತು. ಮೊದಲ ದಿನವೇ ಒಂದು ಡಬ್ಬಿ ಡೋನಟ್ ತಂದು ಡೆಲ್ಮಾರನ ತೊಡೆಯ ಮೇಲಿಟ್ಟ.

"ಯಜಮಾನ್ರೇ, ಈ ಜಾಗದ ಮೇಲೆ ನಿಮ್ಮಷ್ಟು ಕಣ್ಣಿರೋರು ಇನ್ಯಾರೂ ಇಲ್ಲ ಅಂತ ಟ್ರೇಸಿ ಹೇಳಿದ್ಲು. ಸ್ಟಿಕ್ಕರ್ ಇಲ್ದಿರೋ ಕಾರು ಕಂಡ್ರೆ ಒಂದ್ ಫೋಟೋ ತೆಗ್ದು ನಂಗ್ ಕಳ್ಸಿ. ಅಷ್ಟೇ. ಬಾಡಿಗೇಲಿ ಸ್ವಲ್ಪ ಬಿಡ್ತಾಳಂತೆ."

"ಬಾಡಿಗೆ ಬಿಟ್ರೂ ಸರಿ, ಬಿಡ್ದಿದ್ರೂ ಸರಿ. ಆ ಕುಡುಕ್ರನ್ನ ಮೊದ್ಲು ಓಡ್ಸು," ಎಂದ ಡೆಲ್ಮಾರ್. ಅದು ಅವನ ಮನಸ್ಸಿನ ಮಾತೇ ಆಗಿತ್ತು.

ಕುಡುಕರ ಕಾರುಗಳು ಒಂದೊಂದಾಗಿ ಮೂತಿ ಮೇಲೆತ್ತಿಕೊಂಡು ಹೋದವು. ಬಾಲ್ಕನಿಗಳಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಫೋಟೋ ಯಾರದೆಂದು ಡೆಲ್ಮಾರ್ ಯಾರಿಗೂ ಹೇಳಲಿಲ್ಲ. ವೇಡ್ ಬೇಡವೆಂದಿದ್ದ. ಆದರೂ ಆ ಚಪ್ಪಾಳೆ ತನಗೇ ಎಂದುಕೊಂಡು ಅವನು ಒಳಗೊಳಗೇ ಬೀಗಿದ.

ಸುದ್ದಿ ಹರಡಿತು. ಬಾರಿನವರು ಬರುವುದನ್ನು ಬಿಟ್ಟರು. ಜಾಗ ಖಾಲಿಯಾಯಿತು. ಅಲ್ಲಿಗೆ ಕತೆ ಮುಗಿಯಬೇಕಿತ್ತು.

"ಯಜಮಾನ್ರೇ, ಈ ವಾರ ಒಂದೂ ಇಲ್ವಲ್ಲ?" ಎಂದು ವೇಡ್ ಫೋನ್ ಮಾಡಿದ.

"ಇಲ್ಲಪ್ಪ, ಎಲ್ಲ ನಮ್ಮೋರ್ದೇ."

"ನಮ್ಮೋರ್ದಾದ್ರೇನು? ಟೈರಲ್ಲಿ ಗಾಳಿ ಇಲ್ದಿರೋದು, ಹಿಂದುಮುಂದಾಗಿ ನಿಲ್ಸಿರೋದು, ಸ್ಟಿಕ್ಕರ್ ವಾರೆ ಅಂಟಿಸಿರೋದು, ಎಲ್ಲಾ ತಪ್ಪೇ. ಆಫೀಸ್ ಬಾಗ್ಲಲ್ಲಿ ನೋಟಿಸ್ ಹಾಕಿದಾರೆ ನೋಡಿ. ನಂಗೂ ಲಾರಿ ಹೊಟ್ಟೆ ತುಂಬಿಸ್ಬೇಕಲ್ಲ!"

ಡೆಲ್ಮಾರ್ ಹೋಗಿ ನೋಡಿದ. ಸಣ್ಣ ಅಕ್ಷರದ ಒಂದು ಹಾಳೆ ನಿಜಕ್ಕೂ ಇತ್ತು. ನಿಯಮ ಅಂದಮೇಲೆ ನಿಯಮ ಎಂದು ತನಗೆ ತಾನೇ ಹೇಳಿಕೊಂಡ. ಮೊದಲು ಕಳಿಸಿದ್ದು ಡಿ ಕಟ್ಟಡದ ಟೆರೆಲ್ ಎಂಬ ಹುಡುಗನ ಕಾರು. ಕಿಟಕಿ ನಡುಗುವಂತೆ ಹಾಡು ಹಾಕುತ್ತಾನೆಂದು ಅವನ ಮೇಲೆ ಮೊದಲೇ ಸಿಟ್ಟಿತ್ತು. ಎರಡನೆಯದು ಪೋರ್ಟಿಯೋ ಎಂಬ ಎಲ್ ಸಾಲ್ವಡಾರ್ ದೇಶದವರ ವ್ಯಾನು. ಅವರ ಮೇಲೆ ಸಿಟ್ಟೇನೂ ಇರಲಿಲ್ಲ. ಆಮೇಲೆ ಸಿಟ್ಟು ಬೇಕಾಗಲೂ ಇಲ್ಲ.

ಕಾರು ಕಳೆದುಕೊಂಡವರು ನೇರ ಅವನ ಹತ್ತಿರವೇ ಬರುತ್ತಿದ್ದರು. ಇಡೀ ದಿನ ಕೂತಿರುವವನು ಅವನೇ ತಾನೆ. "ಮಿಸ್ಟರ್ ಡೆಲ್, ನೋಡಿದ್ರಾ?" ಎಂದು ಕೇಳುವರು. "ಕಣ್ಣು ಹತ್ತಿತ್ತಪ್ಪ," ಎನ್ನುವನು. ಆಮೇಲೆ, ದುಡ್ಡು ಕಟ್ಟುವವರೆಗೆ ಎಳೆದೊಯ್ದ ಕಾರುಗಳನ್ನು ಇಟ್ಟುಕೊಳ್ಳುವ ಯಾರ್ಡ್ ಎಲ್ಲಿದೆ, ಯಾವ ಬಸ್ಸು ಹಿಡಿಯಬೇಕು ಎಂದು ತಾನೇ ದಾರಿ ಹೇಳಿಕೊಡುವನು. ಅವರು ಕೈಮುಟ್ಟಿ ಉಪಕಾರ ಹೇಳಿ ಹೋಗುವರು. ಬೇಲಿಯೇ ಎದ್ದು ಹೊಲ ಮೇಯುತ್ತಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಆಗಸ್ಟ್ ತಿಂಗಳು. ಡಾಂಬರು ಕಾಲಿಗೆ ಅಂಟುವ ಬಿಸಿಲು. ಅರ್ಲೀನ್ ಮಧ್ಯಾಹ್ನ ಬ್ಯೂಕ್ ನಿಲ್ಲಿಸಿ, ಸೆಕೆಗೆ ಬೈದುಕೊಳ್ಳುತ್ತ ಮೇಲೆ ಹೋದಳು. ಡೆಲ್ಮಾರ್ ಕಾಲು ಸಡಿಲಿಸಲೆಂದು ಎದ್ದು ಆ ಕಡೆ ನಡೆದ. ಕಾರಿನ ಗಾಜಿನ ಮೇಲೆ ಸ್ಟಿಕ್ಕರ್ ಇರಲಿಲ್ಲ. ಬಗ್ಗಿ ನೋಡಿದ. ಬಿಸಿಲಿಗೆ ಅಂಟು ಕರಗಿ ಕೆಳಗೆ ಬಿದ್ದಿತ್ತು. ಸೀಟಿನ ಬುಡದಲ್ಲಿ ಅದರ ಹಸಿರು ಮೂಲೆ ಕಾಣುತ್ತಿತ್ತು.

ಅಷ್ಟರಲ್ಲೇ ವೇಡ್‌ನ ಸಂದೇಶ ಬಂತು. ಅವನು ಆ ದಾರಿಯಲ್ಲೇ ಎರಡು ಸಲ ಹಾದುಹೋಗಿದ್ದನಂತೆ. "ಆ ಬೆಳ್ಳಿ ಬ್ಯೂಕ್ ಮೇಲೆ ಸ್ಟಿಕ್ಕರ್ ಇದ್ಯಾ? ನಿಮ್ಮಿಂದ ಹತ್ತು ದಿನದಿಂದ ಏನೂ ಬಂದಿಲ್ಲ. ಬಾಡಿಗೆ ವಿಷ್ಯ ಟ್ರೇಸಿ ಕೇಳ್ತಿದ್ಲು."

ಇದೆ ಎಂದಿದ್ದರೆ ಮುಗಿಯುತ್ತಿತ್ತು. ಮೇಲೆ ಹೋಗಿ ಬಾಗಿಲು ತಟ್ಟಿದ್ದರೂ ಮುಗಿಯುತ್ತಿತ್ತು. ಡೆಲ್ಮಾರ್ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಫೋಟೋ ತೆಗೆದ. ಅದರ ಕೆಳಗೆ ಎರಡೇ ಮಾತು ಬರೆದ: ಗಾಜಿನ ಮೇಲಿಲ್ಲ. ಬರೆದದ್ದರಲ್ಲಿ ಸುಳ್ಳಿಲ್ಲವೆಂದು ಸಮಾಧಾನ ಮಾಡಿಕೊಂಡ. ಲಾರಿ ಬರುವ ಮೊದಲೇ ಮನೆಯೊಳಗೆ ಹೋಗಿ ಟಿವಿ ಹಾಕಿದ.

ಸ್ವಲ್ಪ ಹೊತ್ತಿಗೆ ಅರ್ಲೀನ್ ಬಾಗಿಲು ಬಡಿದಳು.

"ಡೆಲ್! ನನ್ ಕಾರು! ನನ್ ಕಾರ್ ಇಲ್ಲ!"

"ಅಯ್ಯೋ... ನಾನ್ ಒಳಗಿದ್ದೆ, ಮಿಸ್ ಅರ್ಲೀನ್."

"ಅಲ್ಲಿ ಆ ಮುದುಕಪ್ಪ ಒಬ್ನೇ ಮಲ್ಗಿದಾನೆ. ಮಗ್ಗುಲು ತಿರುಗ್ಸೋಕೂ ಯಾರಿಲ್ಲ. ನಾನ್ ಹೆಂಗ್ ಹೋಗ್ಲಿ ಈಗ?"

ಬಸ್ಸುಗಳನ್ನು ಬದಲಾಯಿಸಿಕೊಂಡು ಅವಳು ತಲುಪುವ ಹೊತ್ತಿಗೆ ಮುದುಕ ಒದ್ದೆ ಹಾಸಿಗೆಯಲ್ಲಿ ಅಳುತ್ತಿದ್ದ. ಮುದುಕನ ಮಗಳು ಅಂದು ಏನೂ ಅನ್ನಲಿಲ್ಲ. ಮತ್ತೆರಡು ಸಲ ತಡವಾದ ಮೇಲೆ ಬೇರೆಯವರನ್ನು ಗೊತ್ತುಮಾಡಿಕೊಂಡಳು.

ಯಾರ್ಡಿನಲ್ಲಿ ದುಡ್ಡು ಕಟ್ಟುತ್ತೇನೆಂದರೂ ಕಾರು ಬಿಡಲಿಲ್ಲ. ಕಾರಿನ ಕಾಗದ ಕ್ಲೋವಿಸ್‌ನ ಹೆಸರಲ್ಲಿತ್ತು. "ಅವ್ರನ್ನೇ ಕರ್ಕೊಂಡ್ ಬನ್ನಿ," ಎಂದಳು ಕಬ್ಬಿಣದ ಜಾಲರಿಯ ಹಿಂದಿನ ಹುಡುಗಿ. "ಕರ್ಕೊಂಡ್ ಬರ್ತೀನಿ ತಾಯಿ, ಒಂದ್ ಗುದ್ದಲಿ ಕೊಡು," ಎಂದಳು ಅರ್ಲೀನ್. ಹೆಸರು ಬದಲಾಯಿಸಲು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಳು. ಕಾರು ನಿಂತಷ್ಟು ದಿನವೂ ಯಾರ್ಡಿನ ಬಾಡಿಗೆ ಏರುತ್ತಾ ಹೋಗಿ, ಕೊನೆಗೆ ಆ ಕಾರನ್ನೇ ಮಾರಿದರೂ ತೀರದಷ್ಟಾಯಿತು. ಇತ್ತ ಮನೆಬಾಡಿಗೆ ನಿಂತಿತು. ಮನೆ ಖಾಲಿ ಮಾಡೆಂದು ಅವಳ ಬಾಗಿಲಿಗೂ ಒಂದು ಹಾಳೆ ಅಂಟಿತು.

ಆದರೂ ಸೋಮವಾರದ ಬಟ್ಟಲು ಬರುತ್ತಲೇ ಇತ್ತು. ಮಾಂಸದ ತುಂಡು ಮಾತ್ರ ಇರುತ್ತಿರಲಿಲ್ಲ. ಡೆಲ್ಮಾರ್ ಅದನ್ನು ತಿನ್ನಲಾರದೆ, ಚೆಲ್ಲಲೂ ಆಗದೆ, ಫ್ರಿಜ್ಜಿನಲ್ಲಿ ಇಟ್ಟು ಬೂಸಲು ಬರಿಸುತ್ತಿದ್ದ. ವೇಡ್‌ನ ಫೋನು ಎತ್ತುವುದನ್ನು ಬಿಟ್ಟ.

ಒಂದು ದಿನ ಅವಳು ಇಳಿದು ಬಂದು ಮೆಟ್ಟಿಲ ಮೇಲೆ ಕೂತಳು.

"ಕೋರ್ಟಿಗೆ ಅರ್ಜಿ ಹಾಕಿದೀನಿ. ಎಳ್ಕೊಂಡ್ ಹೋಗಿದ್ದು ತಪ್ಪು ಅಂತ. ಸಾಕ್ಷಿ ಬೇಕಂತೆ. ನನ್ ಕಾರಿಗೆ ಸ್ಟಿಕ್ಕರ್ ಇತ್ತು ಅಂತ ನಿನ್ಗಿಂತ ಚೆನ್ನಾಗಿ ಯಾರಿಗ್ ಗೊತ್ತು? ಬರ್ತೀಯಾ ಡೆಲ್?"

"ಬರ್ತೀನಿ," ಎಂದ ಡೆಲ್ಮಾರ್.

ವಿಚಾರಣೆಯ ದಿನ ಇಬ್ಬರೂ ಬಸ್ಸಿನಲ್ಲಿ ಹೋದರು. ಅವಳು ಚರ್ಚಿಗೆ ಹಾಕುವ ನೀಲಿ ಉಡುಪು ಹಾಕಿದ್ದಳು. ಅವನಿಗೆಂದು ಕಾಗದದಲ್ಲಿ ಸುತ್ತಿದ ಬ್ರೆಡ್ಡು ತಂದಿದ್ದಳು. ಸ್ಟಿಕ್ಕರ್ ಇತ್ತು ಎನ್ನುವಷ್ಟು ಹೇಳಿ ಕೂತುಬಿಡುವುದು ಎಂದು ಡೆಲ್ಮಾರ್ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದ.

ಪುಟ್ಟ ನ್ಯಾಯಾಲಯ, ಶಾಲೆಯ ಕೋಣೆಯಂತಿತ್ತು. ಕನ್ನಡಕ ಹಾಕಿದ ಹೆಂಗಸು ನ್ಯಾಯಾಧೀಶೆ. ವೇಡ್ ಗಡ್ಡ ಬಾಚಿಕೊಂಡು ಬಂದಿದ್ದ. ಡೆಲ್ಮಾರನನ್ನು ಕಂಡು ಹುಬ್ಬೇರಿಸಿದ. ಫೋಟೋ ಮುಂದಿಟ್ಟ: ಬ್ಯೂಕಿನ ಗಾಜು, ಸ್ಟಿಕ್ಕರ್ ಇಲ್ಲ.

"ಅಂಟು ಬಿಟ್ಟು ಬಿದ್ದಿರತ್ತಮ್ಮ," ಎಂದಳು ಅರ್ಲೀನ್. "ಬೆಳಿಗ್ಗೆ ಇತ್ತು. ಇವ್ರನ್ನ ಕೇಳಿ, ನಮ್ ನೆರೆಯೋರು."

"ಈ ಫೋಟೋ ತೆಗ್ದೋರು ಯಾರು?" ಎಂದು ನ್ಯಾಯಾಧೀಶೆ ವೇಡ್‌ನನ್ನು ಕೇಳಿದಳು.

"ಅಲ್ಲೇ ವಾಸ ಇರೋರೊಬ್ರು, ಮೇಡಂ. ಹೆಸ್ರು ಹೇಳೋ ಪದ್ಧತಿ ನಮ್ಮಲ್ಲಿಲ್ಲ."

ಅರ್ಲೀನ್ "ಥೂ" ಎಂದಳು. "ನಮ್ಮಲ್ಲೇ ಇರೋನಾ? ಯಾವ್ ಹಾವೋ ಅದು?"

ಡೆಲ್ಮಾರ್ ಬೆಂಚು ಹಿಡಿದು ಎದ್ದು ನಿಂತ. ಅಭ್ಯಾಸ ಮಾಡಿದ್ದ ಮಾತು ಬರಲಿಲ್ಲ.

"ನಾನೇ ತೆಗ್ದಿದ್ದು," ಎಂದ.

ಅರ್ಲೀನ್ ಅವನ ತೋಳು ಮುಟ್ಟಿ, "ಕೂತ್ಕೋ ಡೆಲ್, ಅವ್ರು ಕೇಳಿದ್ದು ಅದಲ್ಲ," ಎಂದು ಮೆಲ್ಲಗೆ ಹೇಳಿದಳು. ಅವನಿಗೆ ಪ್ರಶ್ನೆ ಸರಿಯಾಗಿ ಕೇಳಿಸಿಲ್ಲವೆಂದೇ ಅವಳು ತಿಳಿದಿದ್ದಳು.

"ಅದೇ ಕೇಳಿದ್ದು, ಮಿಸ್ ಅರ್ಲೀನ್. ನಾನೇ. ಸ್ಟಿಕ್ಕರ್ ಸೀಟಿನ್ ಕೆಳಗ್ ಬಿದ್ದಿತ್ತು. ಕಣ್ಣಾರೆ ಕಂಡೆ. ನಿನ್ ಕಾರು ಅಂತ ಗೊತ್ತಿತ್ತು. ನೀನ್ ಮೇಲ್ಗಡೆ ಊಟ ಮಾಡ್ತಿದೀಯ ಅಂತಾನೂ ಗೊತ್ತಿತ್ತು. ಗೊತ್ತಿದ್ದೂ ಕಳ್ಸ್ದೆ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ನ್ಯಾಯಾಧೀಶೆ ಇನ್ನೂ ನಾಲ್ಕಾರು ಪ್ರಶ್ನೆ ಕೇಳಿದಳು. ಬೇರೆ ಕಾರುಗಳ ಬಗ್ಗೆ, ಬಾಡಿಗೆಯಲ್ಲಿ ಬಿಟ್ಟದ್ದರ ಬಗ್ಗೆ. ಅವನು ಮುಚ್ಚಿಡದೆ ಹೇಳಿದ. ವೇಡ್ ನೆಲ ನೋಡುತ್ತಿದ್ದ. ಕಾರು ಎಳೆದೊಯ್ದದ್ದು ತಪ್ಪು, ಒಂದು ಕಾಸೂ ತೆಗೆದುಕೊಳ್ಳದೆ ಬಿಡಬೇಕು ಎಂದು ತೀರ್ಪಾಯಿತು. ಅರ್ಲೀನ್ ಗೆದ್ದಳು.

ಬಸ್ ನಿಲ್ದಾಣದಲ್ಲಿ ಅವಳು ಬೆಂಚಿನ ಆ ತುದಿಯಲ್ಲಿ, ಅವನು ಈ ತುದಿಯಲ್ಲಿ. ಬಸ್ಸು ಬಂತು. ಅವಳು ಹತ್ತಿದಳು. ಡ್ರೈವರ್ ಬಾಗಿಲು ತೆರೆದಿಟ್ಟುಕೊಂಡು ಇವನನ್ನು ನೋಡಿದ. ಡೆಲ್ಮಾರ್ ಕೈಯಾಡಿಸಿ, ಹೋಗು ಎಂದ. ಮುಂದಿನ ಬಸ್ಸು ಬಹಳ ತಡವಾಗಿ ಬಂತು.

ಗೆದ್ದ ಕಾರು ಓಡಲಿಲ್ಲ. ಗೇರಿನಲ್ಲಿದ್ದಂತೆಯೇ ಎಳೆದಿದ್ದರಿಂದ ಗೇರ್ ಪೆಟ್ಟಿಗೆ ಒಡೆದಿತ್ತು. ಅದಕ್ಕೆ ಬೇರೆ ದಾವೆ ಹೂಡಬೇಕಂತೆ. ಅವಳಲ್ಲಿ ಅಷ್ಟು ಉಸಿರು ಉಳಿದಿರಲಿಲ್ಲ. ಮನೆ ಖಾಲಿ ಮಾಡುವ ಗಡುವು ಅದಕ್ಕೂ ಮೊದಲೇ ಬಂದಿತ್ತು. ಬ್ಯೂಮಾಂಟ್ ಊರಿನಿಂದ ಅವಳ ಅಕ್ಕನ ಮಗ ಗಾಡಿ ತಂದ. ಮೇಲಿನಿಂದ ಸಾಮಾನು ಇಳಿಸುತ್ತಿದ್ದಾಗ ಡೆಲ್ಮಾರ್ ಕುಂಟುತ್ತ ಬಂದು, ಅವಳ ಕೈಯಲ್ಲಿದ್ದ ಪೆಟ್ಟಿಗೆಗೆ ಕೈ ಚಾಚಿದ.

"ಬೇಡ," ಎಂದಳು ಅರ್ಲೀನ್.

"ಮಿಸ್ ಅರ್ಲೀನ್, ನಾನು..."

"ಕೋರ್ಟಲ್ಲಿ ನಿಜ ಹೇಳ್ದೆ. ಅದಕ್ಕೆ ದೇವ್ರು ನಿನ್ನ ಮೆಚ್ಚಲಿ, ಡೆಲ್. ನನ್ ಕೈಲಿ ಆಗಲ್ಲ. ನಾನ್ ದೇವ್ರಲ್ಲ. ಅವತ್ತು ಬಾಗ್ಲು ಬಡ್ದಾಗ ನಿನ್ ಮುಖ ನೋಡಿ ಪಾಪ ಅಂದ್ಕೊಂಡೆ ಕಣೋ ನಾನು. ನನ್ ಕಷ್ಟಕ್ಕೆ ಇವ್ನು ಬೆವ್ರುತಾನಲ್ಲ ಅಂತ."

ಗಾಡಿ ಹೋಯಿತು.

ಅದಾದ ಮೇಲೆ ಡೆಲ್ಮಾರ್ ಮೆಟ್ಟಿಲ ಕೆಳಗೆ ಕೂರಲಿಲ್ಲ. ಫೋನಿನಲ್ಲಿದ್ದ ಫೋಟೋಗಳನ್ನು ಹಿಡಿದುಕೊಂಡು ಒಂದೊಂದೇ ಮನೆಯ ಬಾಗಿಲು ತಟ್ಟಿದ. "ನಿಮ್ ಕಾರು ಹೋಗಿದ್ದು ನನ್ನಿಂದ. ಕೋರ್ಟಿಗೆ ಹೋಗೋದಾದ್ರೆ ಬಂದು ಹೇಳ್ತೀನಿ," ಎಂದ. ಒಬ್ಬಳು ಬಾಗಿಲನ್ನು ಮುಖಕ್ಕೆ ಬಡಿದಳು. ಪೋರ್ಟಿಯೋ ಮನೆಯ ಅಜ್ಜಿಗೆ ಇಂಗ್ಲಿಷ್ ಅರ್ಥವಾಗದೆ, ಮುದುಕ ಬಿಸಿಲಿಗೆ ಬಳಲಿದ್ದಾನೆಂದು ಕುಡಿಯಲು ನೀರು ಕೊಟ್ಟಳು. ಅವನು ನಿಂತಲ್ಲೇ ಕುಡಿದ. ಅರ್ಜಿ ಹಾಕುವ ಅವಧಿ ಬಹುತೇಕ ಎಲ್ಲರಿಗೂ ಮೀರಿತ್ತು.

ಡಿ ಕಟ್ಟಡದ ಟೆರೆಲ್ ಪೂರ್ತಿ ಕೇಳಿಸಿಕೊಂಡ. ಮುಷ್ಟಿ ಬಿಗಿಯಿತು. ಡೆಲ್ಮಾರ್ ಹೊಡೆಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ, ಕನ್ನಡಕ ತೆಗೆದು ಜೇಬಿಗಿಟ್ಟ.

"ಹೋಗಯ್ಯ," ಎಂದ ಟೆರೆಲ್. "ಹೊಡ್ದು ನಿನ್ ಮನಸ್ಸಿಗೆ ಸಮಾಧಾನ ಮಾಡೋಕೆ ನಾನೇನ್ ನಿನ್ ಮಗನಾ?"

ಟ್ರೇಸಿ ಅವನ ಮನೆಬಾಡಿಗೆಯ ಕರಾರು ಮುಂದುವರಿಸಲಿಲ್ಲ. ಅವನು ಹೆದ್ದಾರಿಯಾಚೆ ಒಂದು ಒಂಟಿ ಕೋಣೆ ಹಿಡಿದ. ಹಳೆಯ ಜಾಗಕ್ಕೆ ಬೇರೆ ಲಾರಿ ಬರತೊಡಗಿತು, ಬೇರೆ ಯಾರೋ ಫೋಟೋ ಕಳಿಸತೊಡಗಿದರು. ಅಲ್ಲಿಯವರು ಈಗ ಕಾರು ನಿಲ್ಲಿಸಿ ಇಳಿದರೆ ಮೊದಲು ಸುತ್ತಲಿನ ಕಿಟಕಿಗಳ ಕಡೆ ನೋಡುತ್ತಾರೆ, ಆಮೇಲೆ ಒಬ್ಬರನ್ನೊಬ್ಬರು ಮಾತನಾಡಿಸದೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ.